ಸೂರಾವಳಿಯ ಮುಖ

ವೀಕ್ಷಾ ಬರೆದ ಹುಡುಗಿ ಏನು ಮಾಡಿದರೂ ಬೆಚ್ಚಿಬೀಳುತ್ತಿರಲಿಲ್ಲ. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಗಾಳಿ ಬೀಸುತ್ತಿತ್ತು, ಹೆಗಲ ಮೇಲಿನ ನೀಲಿ ವಸ್ತ್ರ ಹಾರುತ್ತಿತ್ತು, ಒಂದು ಕಾಲು ನೆಲ ಬಿಟ್ಟಿತ್ತು, ಬಾಯಿ ತೆರೆದಿತ್ತು. ಇಷ್ಟೆಲ್ಲ ಇದ್ದೂ ಮುಖ ಮಾತ್ರ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರ ಮುಖ. ಆ ಅನ್ನಿ ಎಂದರು, ಆ ಅಂದಳು, ಅಷ್ಟೆ.

"ಒಳ್ಳೇ ಕಬ್ಬಿಣದ ಸಲಾಕೆ ಥರ ಇದಾಳಲ್ಲಮ್ಮ," ಎಂದರು ಬೆನ್ನ ಹಿಂದೆ ಬಂದು ನಿಂತ ಮಧುಸೂದನ್. "ತೋಳು ನೋಡು, ಹೊಟ್ಟೆ ನೋಡು. ಅನ್ನ ತಿಂದಿರೋಳ ಹಾಗೆ ಕಾಣ್ಬೇಕು ಕಣಮ್ಮ ಇವ್ಳು."

ಮಧುಸೂದನ್ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಮೈಸೂರು ಕಡೆಯ ಕನ್ನಡದವರು. ಬ್ಯಾಂಕಿನ ಕೆಲಸ ಬಿಟ್ಟು ನುಂಗಂಬಾಕ್ಕಂನ ಒಂದು ಹಳೆಯ ಮನೆಯ ಮಹಡಿಯಲ್ಲಿ ಕಾಮಿಕ್ಸ್ ಕಂಪನಿ ಇಟ್ಟಿದ್ದರು. ಕಂಪನಿ ಎಂದರೆ ಸ್ವಲ್ಪ ಜಾಸ್ತಿಯೇ ಆಯಿತು. ಮೂರು ಮೇಜು, ಒಂದು ಕೆಟ್ಟ ಏಸಿ, ಮತ್ತು ಸೂರಾವಳಿ. ಸೂರಾವಳಿ ಎಂದರೆ ತಮಿಳಿನಲ್ಲಿ ಸುಂಟರಗಾಳಿ. ಹಗಲಲ್ಲಿ ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಹುಡುಗಿ, ಸಿಟ್ಟು ಬಂದರೆ ಊರಿನ ಗಾಳಿಯೆಲ್ಲ ಅವಳು ಹೇಳಿದಂತೆ ಕೇಳುತ್ತದೆ. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರುವ ಅವಳ ಕಥೆಗೆ ಈಗ ಇಪ್ಪತ್ತೈದನೇ ಸಂಚಿಕೆ.

ಆ ಸಂಚಿಕೆಯನ್ನು ಹಳೆಯ ಕಾಲದ ಪಿನ್-ಅಪ್ ಚಿತ್ರಗಳಿಗೆ ನಮಸ್ಕಾರ ಹೇಳುವ ವಿಶೇಷಾಂಕ ಮಾಡಬೇಕೆಂದು ಮಧುಸೂದನ್ ಹಟ ಹಿಡಿದಿದ್ದರು. ಪರದೇಶದಲ್ಲಿ ಸಿಪಾಯಿಗಳು ಬ್ಯಾರಕ್ಕಿನ ಗೋಡೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಈಜುಡುಗೆಯ ಹುಡುಗಿಯರು, ನಮ್ಮಲ್ಲಿ ಸಲೂನಿನಲ್ಲೂ ಗ್ಯಾರೇಜಿನಲ್ಲೂ ತೂಗುತ್ತಿದ್ದ ಸೈಕಲ್ಲು ಸೋಪುಗಳ ಕ್ಯಾಲೆಂಡರಿನ ಹುಡುಗಿಯರು. ಆ ಚಿತ್ರಗಳಿಗೆಲ್ಲ ಒಂದೇ ಕಥೆ. ಹುಡುಗಿ ತನ್ನ ಪಾಡಿಗೆ ತಾನು ಏನೋ ಮಾಡುತ್ತಿರುತ್ತಾಳೆ. ಗಾಳಿಯೋ ನಾಯಿಮರಿಯೋ ಒಂದು ತುಂಟಾಟ ಮಾಡುತ್ತದೆ. ಅವಳು ಬೆಚ್ಚುತ್ತಾಳೆ. ಯಾರೋ ನೋಡಿದರು ಎಂದು ಗೊತ್ತಾಗುತ್ತದೆ, ಆದರೆ ಮುಖ ಸರಿಮಾಡಿಕೊಳ್ಳಲು ಇನ್ನೂ ಹೊತ್ತು ಸಿಕ್ಕಿಲ್ಲ. ಚಿತ್ರಕಾರ ಹಿಡಿಯುವುದು ಆ ಕ್ಷಣವನ್ನು.

"ಸಾರ್, ಇದೆಲ್ಲ ಗಂಡಸರು ನೋಡ್ಲಿಕ್ಕೆ ಅಂತ ಮಾಡಿದ್ದಲ್ವಾ?" ಎಂದು ವೀಕ್ಷಾ ಮೊದಲೇ ಕೇಳಿದ್ದಳು.

"ನೋಡ್ಲಿ ಬಿಡು. ಆದ್ರೆ ಈ ಸಲ ಗಾಳಿ ಅವ್ಳದೇ. ತಾನು ಎಬ್ಬಿಸಿದ ಗಾಳಿಗೆ ತಾನೇ ಬೆಚ್ಚಿ, ತಾನೇ ನಗ್ತಾಳೆ. ಅದೇ ನಮ್ ಕವರ್."

ಆ ಕವರು ವೀಕ್ಷಾಳದ್ದು. ಬೇರೆಯವರು ಎಳೆದ ಗೆರೆಗಳಿಗೆ ವರ್ಷಗಟ್ಟಲೆ ಬಣ್ಣ ತುಂಬಿದ ಮೇಲೆ ಸಿಕ್ಕಿದ ಮೊದಲ ಮುಖಪುಟ, ಮೂಲೆಯಲ್ಲಿ ಅವಳ ಹೆಸರು. ಹಾಗಾಗಿ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಚ್ಚಲು ಉಗುರು ಮುಗಿದು ಈಗ ಸ್ಟೈಲಸ್ಸಿನ ತುದಿ ಕಚ್ಚುತ್ತಿದ್ದಳು. ಕನ್ನಡಿಯ ಮುಂದೆ ನಿಂತು ತಾನೇ ಬೆಚ್ಚಿ ಫೋಟೋ ತೆಗೆದುಕೊಂಡಳು. ಇಂಗು ತಿಂದ ಮಂಗನ ಹಾಗೆ ಬಂತು. ತಮ್ಮ ಚರಣ್‌ನ ಕಿವಿಯ ಹತ್ತಿರ ತಟ್ಟೆ ಬಡಿದು ನೋಡಿದಳು. ಅವನು ಬೆಚ್ಚುವುದರ ಬದಲು ಬೈದ. ಚಿಕ್ಕಂದಿನಿಂದಲೂ ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಮನೆಯಲ್ಲಿ ಹೆಸರಾದವಳು, ಈಗ ಚಕ್ರಕ್ಕೆ ಎಣ್ಣೆಯೂ ಬಿದ್ದಂತಾಗಿತ್ತು.

ಮನೆ ಇದ್ದದ್ದು ಪಲ್ಲಾವರಂನಲ್ಲಿ, ಅಪ್ಪ ಐತಪ್ಪನವರ ಹೋಟೆಲಿನ ಮೇಲೆ. ಹೋಟೆಲ್ ಶಾಂಭವಿ, ಶುದ್ಧ ಸಸ್ಯಾಹಾರಿ. ಮೂಲ್ಕಿ ಕಡೆಯಿಂದ ಬಂದ ಐತಪ್ಪ ಅಡುಗೆಮನೆ ನೋಡಿಕೊಂಡರೆ, ಕ್ಯಾಶಿನಲ್ಲಿ ಕೂರುವುದು ಅಮ್ಮ ವಿಮಲಾ. ಬೆಳಿಗ್ಗೆ ಮೊದಲ ಕಾಫಿಗೆ ಕೂತರೆ ಸಂಜೆ ಕೊನೆಯ ದೋಸೆಯವರೆಗೆ. ಭುಜದ ಮೇಲೆ ಸೆರಗಿಗೆ ಸೇಫ್ಟಿ ಪಿನ್ನು ಬಿಗಿಯಾಗಿ, ಕೂದಲು ಗಂಟಾಗಿ, ಮುಖ ಗಲ್ಲಾಪೆಟ್ಟಿಗೆಯಷ್ಟೇ ಭದ್ರವಾಗಿ. ಮೊದಲಾದರೆ ದುಡ್ಡು ಕೊಡುವವರು, ಚಿಲ್ಲರೆ ತೆಗೆದುಕೊಳ್ಳುವವರು ಅವಳ ಮುಖವನ್ನಾದರೂ ನೋಡುತ್ತಿದ್ದರು. ಈಗ ಎಲ್ಲರೂ ಫೋನು ಹಿಡಿದು ಬರುತ್ತಾರೆ, ಅಮ್ಮನ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆ ದುಡ್ಡು ಬಂತೆಂದು ತಮಿಳಿನಲ್ಲಿ ಕೂಗುತ್ತದೆ, ಅವರು ತಲೆ ಎತ್ತದೆ ಹೋಗುತ್ತಾರೆ.

ಶುಕ್ರವಾರ ಪಲ್ಲಾವರಂನಲ್ಲಿ ಸಂತೆ. ಹಳೆ ಮಿಕ್ಸಿ, ಪಾರಿವಾಳ, ಒಂಟಿ ಚಪ್ಪಲಿ, ಗುಲಾಬಿ ಗಿಡ, ಏನುಂಟು ಏನಿಲ್ಲ. ಕೊಂಡವರೂ ಕೊಳ್ಳದವರೂ ಮಧ್ಯಾಹ್ನಕ್ಕೆ ಶಾಂಭವಿಗೆ ನುಗ್ಗುತ್ತಾರೆ. ಅಂಥ ಒಂದು ಶುಕ್ರವಾರ ಆಫೀಸಿಗೆ ಹೋಗದೆ ಕೈತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು ವೀಕ್ಷಾ ಒಂದು ಮುಖ ಬರೆದು ಅಳಿಸುತ್ತಿದ್ದಳು, ಇನ್ನೊಂದು ಬರೆದು ಅಳಿಸುತ್ತಿದ್ದಳು. ಕರೆಂಟು ಹೋಯಿತು. ಜನ ಬೆವರೊರೆಸಿಕೊಂಡು ಗೊಣಗಿದರು. ನೆಲ ಒರೆಸುವವರು ಯಾರೋ ದೊಡ್ಡ ಪೆಡೆಸ್ಟಲ್ ಫ್ಯಾನನ್ನು ಸರಿಸಿ ಕ್ಯಾಶಿನ ಕಡೆ ತಿರುಗಿಸಿಟ್ಟಿದ್ದರು. ಕರೆಂಟು ಬಂದದ್ದೇ ಫ್ಯಾನು ಪೂರ್ತಿ ವೇಗದಲ್ಲಿ ಹೊಡೆಯಿತು.

ಮೇಜಿನ ಮೇಲಿದ್ದ ಬಿಲ್ಲಿನ ಚೀಟಿಗಳೆಲ್ಲ ಒಮ್ಮೆಗೇ ಹಾರಿದವು. ಅಮ್ಮನ ಭುಜದ ಪಿನ್ನು ಬಿಚ್ಚಿಕೊಂಡಿತು, ಸೆರಗು ಮೇಲೆದ್ದಿತು. ಸ್ಟೂಲಿನ ಅಡ್ಡಪಟ್ಟಿಯ ಮೇಲೆ ಒಂದು ಕಾಲಿಟ್ಟು ಅರ್ಧ ಎದ್ದ ವಿಮಲಾ ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಸೆರಗು ಹಿಡಿಯಲು ಹೋಗಿ ಎರಡೂ ಸಿಗದೆ, ಗಂಟು ಬಿಚ್ಚಿದ ಕೂದಲು ಬಾಯಿಗೆ ಬಂದು, ನಕ್ಕಳು. ಬಾಯಿ ತುಂಬ ನಕ್ಕಳು. ಯಾರಾದರೂ ನೋಡಿದರಾ ಎಂದು ಕಣ್ಣು ಒಮ್ಮೆ ಅತ್ತಿತ್ತ ಹೋಯಿತು, ನೋಡಿದರೆ ನೋಡಲಿ ಎಂಬಂತೆ ನಗು ಮಾತ್ರ ಹಾಗೇ ಇತ್ತು.

ವೀಕ್ಷಾ ಸಾಂಬಾರು ಆರುವಷ್ಟರಲ್ಲಿ ಅದನ್ನು ಬರೆದು ಮುಗಿಸಿದಳು. ತೋಳಿನ ತುಂಬುತನ, ಸೊಂಟದ ಮಡಿಕೆ, ಎತ್ತಿದ ಹಿಮ್ಮಡಿ. ಬರೆಯುವಾಗ ಅದು ಅಮ್ಮ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಚಿತ್ರ ಬರೆಯುವವರಿಗೆ ಒಮ್ಮೊಮ್ಮೆ ಹೀಗೆ ಕಣ್ಣು ಕುರುಡಾಗುತ್ತದೆ, ಗೆರೆ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ಸೀರೆ ತೆಗೆದು ಸೂರಾವಳಿಯ ನೀಲಿ ಉಡುಗೆ ತೊಡಿಸಿದಳು, ಅದು ತೊಡೆಯ ಅರ್ಧಕ್ಕೇ ಮುಗಿಯುತ್ತದೆ. ಬಿಲ್ಲಿನ ಬದಲು ಮೀಟರ್ ಓದಿ ಬರೆದಿಡುವ ಕರೆಂಟು ಕಾರ್ಡುಗಳನ್ನು ಹಾರಿಸಿದಳು. ಹಿಂದೆ ಹಳೆ ಕ್ಯಾಲೆಂಡರಿನ ಮಾಸಲು ಗುಲಾಬಿ ಬಣ್ಣ. ಭಾನುವಾರ ಸೋಮವಾರ ಎನ್ನದೆ ಬಣ್ಣ ತುಂಬಿ, ಮುಂದಿನ ಶುಕ್ರವಾರ ಆಫೀಸಿನಲ್ಲಿ ತೋರಿಸಿದಳು.

ಮಧುಸೂದನ್ ಕುರ್ಚಿಯಿಂದ ಎದ್ದೇಬಿಟ್ಟರು. "ಅನ್ನ ತಿಂದಿದಾಳೆ!" ಎಂದು ಕೂಗಿದರು. "ನಗು ನೋಡ್ರೋ, ನಗು ನೋಡ್ರೋ!" ಎಂದು ಪಕ್ಕದ ಮೇಜಿನವರನ್ನೆಲ್ಲ ಎಬ್ಬಿಸಿದರು. ಆ ಉತ್ಸಾಹದಲ್ಲಿ ವೀಕ್ಷಾಳನ್ನು ಕೇಳುವ ಮೊದಲೇ ಕಂಪನಿಯ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕಿಯೂ ಆಯಿತು.

ಸಂಜೆ ರೈಲಿನ ಹೆಂಗಸರ ಡಬ್ಬಿಯಲ್ಲಿ ಬಾಗಿಲ ಕಂಬ ಹಿಡಿದು ನಿಂತು ವೀಕ್ಷಾ ಫೋನು ತೆರೆದಳು. ಹೃದಯದ ಗುರುತುಗಳು ಏರುತ್ತಲೇ ಇದ್ದವು. ಯಾರೋ ಒಬ್ಬರು ಕೆಳಗೆ ಬರೆದಿದ್ದರು: ಈ ಮುಖ ಎಲ್ಲೋ ನೋಡಿದ್ದೇನೆ, ಎಲ್ಲಿ ಅಂತ ನೆನಪಾಗುತ್ತಿಲ್ಲ. ಸೈದಾಪೇಟೆ ದಾಟುತ್ತಿತ್ತು. ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಒಂದರ ಮೇಲೊಂದು ಹತ್ತಿದ ಆ ಮೇಲಿನ ಹಲ್ಲು. ಇನ್ನೊಂದಕ್ಕಿಂತ ತುಸು ಎತ್ತರಕ್ಕೆ ಏರುವ ಆ ಎಡಹುಬ್ಬು. ಇದು ಅಮ್ಮ. ತೊಡೆ ಕಾಣುವ ಬಟ್ಟೆಯಲ್ಲಿ, ಊರಿಗೆಲ್ಲ ಕಾಣುವ ಹಾಗೆ, ಅಮ್ಮ.

"ಸಾರ್, ಅದನ್ನು ಡಿಲೀಟ್ ಮಾಡಿ!" ನಿಂತಲ್ಲಿಂದಲೇ ಮಧುಸೂದನ್‌ಗೆ ಫೋನು ಮಾಡಿದಳು.

"ಯಾಕಮ್ಮಾ? ಲೈಕ್ಸ್ ಹೇಗ್ ಬರ್ತಿದೆ ನೋಡಿದ್ಯಾ?"

"ಮಾಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೇನೆ. ಒಂದು ಸಣ್ಣ ತಪ್ಪುಂಟು ಅದರಲ್ಲಿ."

ತಪ್ಪೇನೆಂದು ಹೇಳಲಿಲ್ಲ. ಮಧುಸೂದನ್ ಗೊಣಗುತ್ತಲೇ ತೆಗೆದರು. ಸರಿಮಾಡುವುದಿದ್ದರೆ ಬುಧವಾರ ಪ್ರೆಸ್ಸಿಗೆ ಹೋಗುವ ಮುಂಚೆ ಮಾಡು ಎಂದರು. ಹಾಕಿ ತೆಗೆಯುವುದರೊಳಗೆ ಹೆಚ್ಚು ಹೊತ್ತು ಆಗಿರಲಿಲ್ಲ, ಮನೆಯವರು ಯಾರೂ ನೋಡಿರಲಿಕ್ಕಿಲ್ಲ ಎಂದು ವೀಕ್ಷಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಪಲ್ಲಾವರಂ ದಾಟಿ ಕ್ರೋಂಪೇಟೆಗೆ ಹೋಗಿ ಇಳಿದಳು. ಅಲ್ಲಿಂದ ತಿರುಗಿ ಬರುವ ರೈಲಿಗೆ ಕಾಯದೆ ನಡೆದೇ ಬಂದಳು.

ಈಗ ಅವಳ ಮುಂದಿದ್ದದ್ದು ಎರಡೇ ದಾರಿ. ಅಮ್ಮನಿಗೆ ಹೇಳಿ ಒಪ್ಪಿಸಬೇಕು, ಇಲ್ಲವೇ ಮುಖ ಬದಲಿಸಬೇಕು. ಮುಖ ಬದಲಿಸಲು ಕೂತರೆ ಬರೆದದ್ದೆಲ್ಲ ಮತ್ತೆ ಹಲ್ಲಿನ ಡಾಕ್ಟರ ಕುರ್ಚಿ. ಹಲ್ಲು ನೇರ ಮಾಡಿದಳು, ನಗು ಸತ್ತಿತು. ಹುಬ್ಬು ಇಳಿಸಿದಳು, ಬೆಚ್ಚುವುದು ನಿಂತಿತು. ಇನ್ನು ಅಮ್ಮನಿಗೆ ಹೇಳುವುದು ಹೇಗೆ? ಆ ಮನೆಯಲ್ಲಿ ತೊಡೆ ಎಂಬ ಮಾತು ಕೋಳಿಯ ವಿಷಯಕ್ಕೂ ಬರುತ್ತಿರಲಿಲ್ಲ, ಹೋಟೆಲೇ ಸಸ್ಯಾಹಾರಿ. ನೈಟಿಯ ಮೇಲೆ ಟವೆಲು ಹಾಕದೆ ಹಾಲಿನವನಿಗೆ ಬಾಗಿಲು ತೆರೆಯದ ಹೆಂಗಸು ಅವಳು.

ಭಾನುವಾರ ಮಧ್ಯಾಹ್ನ ಹೋಟೆಲಿಗೆ ಸ್ವಲ್ಪ ಬಿಡುವು. ಮೇಲೆ ಮನೆಯಲ್ಲಿ ವಿಮಲಾ ನೆಲದ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ವೀಕ್ಷಾ ಕೋಣೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ, ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚಿ ಮತ್ತೆ ಹಾಲಿಗೆ ಓಡಾಡಿದಳು.

"ಎಂಥ ಮಾರಾಯ್ತಿ, ಬೆಕ್ಕು ಮರಿ ಹಾಕ್ಲಿಕ್ಕೆ ಜಾಗ ಹುಡುಕುವ ಹಾಗೆ. ಕೂತ್ಕೊ."

ಕೂತಳು. "ಅಮ್ಮಾ, ಒಂದು ವಿಷಯ ಉಂಟು."

ವಿಮಲಾ ದಾರ ಬಿಟ್ಟು ಮುಖ ಎತ್ತಿದಳು. "ಹೇಳು."

"ನಿನಗೆ ಸಿಟ್ಟು ಬರ್ಬಾರ್ದು."

"ಸಿಟ್ಟು ಯಾಕೆ ಬರ್ತದೆ? ಹೇಳು, ಹೇಳು."

ಅಮ್ಮನ ದನಿಯಲ್ಲಿ ಏನೋ ಅವಸರ ಇತ್ತು. ಹುಬ್ಬು ಯಾಕೋ ತಿದ್ದಿದಂತೆ ಕಂಡಿತು. ಬೀದಿ ಕೊನೆಯ ಪಾರ್ಲರಿಗೆ ಅಮ್ಮ ಹೋದದ್ದೇ ಇಲ್ಲ ಈವರೆಗೆ. ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ ಹತ್ತಿರ ಬಂತಲ್ಲ, ಅದಕ್ಕಿರಬೇಕು ಎಂದುಕೊಂಡಳು ವೀಕ್ಷಾ. ಬಾಯಿ ತೆರೆದಳು. ನೀಲಿ ಉಡುಗೆ ನೆನಪಾಯಿತು.

"ಈ ವಾರ ನನಗೆ ಆಫೀಸಿನಲ್ಲಿ ಜಾಸ್ತಿ ಕೆಲಸ. ಊಟಕ್ಕೆ ಕಾಯ್ಬೇಡ."

"ಅಷ್ಟೆಯಾ?"

"ಅಷ್ಟೆ."

ವಿಮಲಾ ಮತ್ತೆ ದಾರ ಎತ್ತಿಕೊಂಡಳು. ಒಂದೆರಡು ಮೊಗ್ಗು ಸೇರಿಸಿ, ತಲೆ ತಗ್ಗಿಸಿಕೊಂಡೇ ಕೇಳಿದಳು. "ನಿನ್ನ ಪುಸ್ತಕ ಯಾವಾಗ ಬರುದು?"

"ಮುಂದಿನ ವಾರ."

"ಕ್ಯಾಶಿನ ಮೇಲೆ ನಾಲ್ಕು ಇಡುವಾ. ಬಂದವರು ನೋಡ್ಲಿ. ಮಗಳು ಬರೆದದ್ದು ಅಲ್ವಾ?"

"ಅಯ್ಯೋ ಬೇಡಮ್ಮ!" ವೀಕ್ಷಾಳ ಜೀವ ಬಾಯಿಗೆ ಬಂತು. "ಅದು ಹೋಟೆಲಿಗೆ ಬರುವವರು ನೋಡುವಂಥದ್ದಲ್ಲ."

ವಿಮಲಾ ಅವಳನ್ನೇ ನೋಡಿದಳು. "ಹಾಗಾ?" ಎಂದಳು. ಮಲ್ಲಿಗೆಯ ದಾರವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದಳು. ಅಮ್ಮನಿಗೆ ಏನೋ ವಾಸನೆ ಬಡಿದಿದೆ, ಗೊತ್ತಾದರೆ ಮನೆಯಲ್ಲಿ ದೊಡ್ಡ ರಂಪವೇ ಆಗುತ್ತದೆ ಎಂದು ವೀಕ್ಷಾ ತೀರ್ಮಾನಿಸಿದಳು. ಚರಣ್ ಮೂಲೆಯಲ್ಲಿ ಫೋನು ನೋಡುತ್ತ ಬಿದ್ದಿದ್ದ. ಎದ್ದು ಅಕ್ಕನ ಕಡೆ ಒಮ್ಮೆ, ಅಮ್ಮನ ಕಡೆ ಒಮ್ಮೆ ನೋಡಿ, "ಎನ್ನಕ್ಕಾ ನೀ," ಏನಕ್ಕ ನೀನು ಎಂದು ತಮಿಳಿನಲ್ಲಿ ರಾಗ ಎಳೆದು ಹೊರಗೆ ಹೋದ.

ಮಂಗಳವಾರದವರೆಗೂ ಅವಳು ಹೇಳಲಿಲ್ಲ, ಬದಲಿಸಲೂ ಇಲ್ಲ. ಒಂದು ಮನಸ್ಸು, ಯಾರಿಗೆ ಗೊತ್ತಾಗುತ್ತದೆ, ಬಿಡು ಎನ್ನುತ್ತಿತ್ತು. ಅಂಥ ಚಿತ್ರ ಇನ್ನೊಮ್ಮೆ ಕೈಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇನ್ನೊಂದು ಮನಸ್ಸು ಅಮ್ಮನನ್ನು ಕ್ಯಾಶಿನಲ್ಲಿ ಕೂರಿಸಿ, ಎದುರಿಗೆ ನಾಲ್ಕು ಹುಡುಗರನ್ನು ನಿಲ್ಲಿಸಿ, ಅವರ ಕೈಗೆ ಪುಸ್ತಕ ಕೊಟ್ಟು ತೋರಿಸುತ್ತಿತ್ತು. ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಬುಧವಾರ ಪ್ರೂಫ್ ನೋಡಲು ತಿರುವೊಟ್ಟಿಯೂರಿನ ಪ್ರೆಸ್ಸಿಗೆ ತಾನೇ ಹೋಗುತ್ತೇನೆಂದು ಹೊರಟಳು. ಬೇಕಾಗಿರಲಿಲ್ಲ, ಫೋನಿನಲ್ಲೇ ಆಗುವ ಕೆಲಸ. ಆದರೆ ಮನೆಯಲ್ಲೂ ಆಫೀಸಿನಲ್ಲೂ ನಿಲ್ಲಲಾಗದವರು ದೂರದ ಊರಾದರೂ ನೋಡಬೇಕಲ್ಲ. ಫ್ಯಾಕ್ಟರಿಗಳ ನಡುವೆ, ಮೀನಿನ ವಾಸನೆಯೂ ಎಣ್ಣೆಯ ವಾಸನೆಯೂ ಬೆರೆತ ಬೀದಿಯಲ್ಲಿ ಪ್ರೆಸ್ಸು. ಒಳಗೆ ಹೋದರೆ ಉದ್ದ ಮೇಜಿನ ಮೇಲೆ ಈಗಷ್ಟೇ ಬಂದ ಹಾಳೆ ಹರಡಿತ್ತು. ಒಂದು ಹಾಳೆಗೆ ನಾಲ್ಕು ಮುಖಪುಟ. ನಾಲ್ಕು ಅಮ್ಮಂದಿರು ಒಟ್ಟಿಗೆ ಬೆಚ್ಚಿ ನಗುತ್ತಿದ್ದರು.

ಕೆಲಸದವರು ಸುತ್ತ ನಿಂತಿದ್ದರು. ಕನ್ನಡಕವನ್ನು ಹಣೆಗೇರಿಸಿದ್ದ ಹಿರಿಯರೊಬ್ಬರು ಶಾಯಿ ಒಣಗಿದೆಯಾ ಎಂದು ನೋಡಲು ಹೆಬ್ಬೆರಳಿನಿಂದ ಹಾಳೆಯನ್ನು ಉಜ್ಜುತ್ತಿದ್ದರು. ಬೆರಳು ಸರಿಯಾಗಿ ತೊಡೆಯ ಮೇಲೆ ಇತ್ತು. ಅಲ್ಲಿ ಬಣ್ಣ ದಟ್ಟ, ಪರೀಕ್ಷೆಗೆ ಅದೇ ಜಾಗ. "ಮುಗಂ ನಲ್ಲ ಕಳೈಯಾ ಇರುಕ್ಕು, ಇಲ್ಲೇ?" ಎಂದರು ಪಕ್ಕದವನಿಗೆ. ಮುಖ ಒಳ್ಳೆ ಕಳೆಯಾಗಿದೆ ಅಲ್ಲವಾ ಎಂದು. ಪಕ್ಕದವನು ಹಲ್ಲು ಬಿಟ್ಟು ಹೌದೆಂದ. ಆ ಮನುಷ್ಯ ಆಡಿದ್ದು ಮುಖದ ಮಾತು. ವೀಕ್ಷಾ ನೋಡಿದ್ದು ಹೆಬ್ಬೆರಳನ್ನು.

"ನಿಪ್ಪಾಟುಂಗೋ!" ಎಂದು ಅವಳು ಕೂಗಿದ್ದು ಮಷೀನಿನ ಸದ್ದಿನಲ್ಲೂ ಕೇಳಿಸಿತು. ನಿಲ್ಲಿಸಿ ಎಂದು. ಎಲ್ಲರೂ ಗಾಬರಿಯಾಗಿ ತಿರುಗಿದರು. ಪಾಪ, ಹಿರಿಯರು ಬೆರಳು ತೆಗೆದು ಬಣ್ಣ ಅಂಟಿದೆಯಾ ಎಂದು ನೋಡಿಕೊಂಡರು.

ಪ್ರೆಸ್ಸಿನ ಮುಂದಿನ ಕೋಣೆಯಲ್ಲಿ, ಕಾಗದದ ರೀಮುಗಳ ನಡುವೆ ಕೂತು ಅವಳು ಮುಖ ತೆಗೆದಳು. ಹೊಸದು ಬರೆಯುವ ಗೋಜಿಗೇ ಹೋಗಲಿಲ್ಲ. ಮೊದಲ ಸಂಚಿಕೆಯಿಂದ ಬಂದ ಸೂರಾವಳಿಯ ಮುಖ ಅವಳ ಟ್ಯಾಬ್ಲೆಟ್ಟಿನಲ್ಲಿ ಸಿದ್ಧವಿತ್ತು: ಚೂಪು ಗಲ್ಲ, ತೀಡಿದ ಕಣ್ಣು, ಸಾಲು ಹಲ್ಲು. ಅದನ್ನು ತಂದು ಆ ಕತ್ತಿನ ಮೇಲೆ ಕೂರಿಸಿ, ಅಂಚು ಸರಿಮಾಡಿ ಮಧುಸೂದನ್‌ಗೆ ಕಳಿಸಿದಳು.

ಫೋನು ಬಂತು. "ಏನಮ್ಮ ಇದು? ಇದು ಯಾರ ಮುಖಾನೂ ಅಲ್ವಲ್ಲ."

"ಅದೇ ಬೇಕು ಸಾರ್."

"ಕಾರಣ ಹೇಳು."

"ಹೇಳ್ಲಿಕ್ಕಾಗುದಿಲ್ಲ ಸಾರ್. ಮನೆ ವಿಷಯ."

"ನಿನ್ ಕವರ್, ನಿನ್ನಿಷ್ಟ. ನಾಳೆ ನನ್ನ ಬೈಬೇಡ, ಅಷ್ಟೆ."

ಮಷೀನು ಮತ್ತೆ ಹೊರಳತೊಡಗಿತು. ವಾಪಸು ಬರುವಾಗ ಎದೆಯ ಭಾರ ಇಳಿಯಬೇಕಿತ್ತು. ಇಳಿದಂತೆಯೂ ಅನಿಸಿತು, ಒಂದೆರಡು ಸ್ಟೇಷನ್. ಆಮೇಲೆ ಯಾಕೋ ಅವಳು ಕೂತ ಸೀಟು ಬಿಟ್ಟು ಬಾಗಿಲಿಗೆ ಬಂದು ನಿಂತಳು, ಬಾಗಿಲು ಬಿಟ್ಟು ಮತ್ತೆ ಸೀಟಿಗೆ ಹೋದಳು. ಅಷ್ಟರಲ್ಲಿ ಅಲ್ಲಿ ಬೇರೆಯವರು ಕೂತಿದ್ದರು.

ಮುಂದಿನ ವಾರದ ಶುಕ್ರವಾರ ಸಂಜೆ ಅವಳು ಪಲ್ಲಾವರಂನಲ್ಲಿ ಇಳಿದಾಗ ಸಂತೆ ಇನ್ನೂ ಮುಗಿದಿರಲಿಲ್ಲ. ಗಿಡ ಮಾರುವವರನ್ನು ದಾಟಿ ಹೋಟೆಲಿನ ಹತ್ತಿರ ಬಂದಳು. ಬಾಗಿಲಲ್ಲೇ ಕಾಲು ತಡೆಯಿತು. ಕ್ಯಾಶಿನಲ್ಲಿ ಅಮ್ಮ ನೀಲಿ ಸೀರೆ ಉಟ್ಟು ಕೂತಿದ್ದಳು, ಹಬ್ಬಕ್ಕೆಂದು ಇಟ್ಟಿದ್ದ ರೇಷ್ಮೆ ಸೀರೆ. ತಲೆಯಲ್ಲಿ ಮಲ್ಲಿಗೆ. ಸೆರಗು ಭುಜದ ಮೇಲೆ ಸುಮ್ಮನೆ ಬಿದ್ದಿತ್ತು, ಪಿನ್ನಿಲ್ಲ. ಎದುರಿಗೆ ಜಲಜಾ ನಿಂತಿದ್ದರು. ಇನ್ಶೂರೆನ್ಸ್ ಆಫೀಸಿನವರು, ಧಾರವಾಡದ ಕಡೆಯವರು, ದಿನಾ ಸಂಜೆ ಕಾಫಿಗೆ ಬರುವವರು. ಚರಣ್ ಫೋನು ಎತ್ತಿ ಹಿಡಿದು ವಿಡಿಯೋ ತೆಗೆಯುತ್ತಿದ್ದ. ಮೇಜಿನ ಮೇಲೆ ಕಂದು ಕಾಗದ ಸುತ್ತಿದ ಒಂದು ಕಟ್ಟು ಇತ್ತು, ಮೇಲೆ ನುಂಗಂಬಾಕ್ಕಂನ ಆಫೀಸಿನ ಮುದ್ರೆ.

"ಬಾ ಬಾ, ಸಮಯಕ್ಕೆ ಬಂದಿ," ಎಂದಳು ವಿಮಲಾ. "ನಿನಗೆ ಹೇಳದೆ ನಾನೇ ತರಿಸಿದ್ದು. ಚರಣ್ ಆರ್ಡರ್ ಮಾಡಿದ್ದು. ಜಲಜಕ್ಕಾ, ಈಗ ನೋಡಿ, ನಾನು ಹೇಳ್ತಿದ್ದೆ ಅಲ್ವಾ, ಈಗ ನೋಡಿ."

ಕಾಗದ ಹರಿಯಿತು. ವಿಮಲಾ ಮೇಲಿನ ಪ್ರತಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಮುಖದ ಮೇಲಿನ ನಗು ಹಾಗೆಯೇ ಇತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತ ಹಾಗೆ. ಆ ಪ್ರತಿಯನ್ನು ಕೆಳಗಿಟ್ಟು ಎರಡನೆಯದನ್ನು ತೆಗೆದಳು. ಅದನ್ನೂ ಇಟ್ಟು ಮೂರನೆಯದನ್ನು ತೆಗೆದಳು.

"ಇವಳು ಯಾರು?" ಎಂದಳು.

ಚರಣ್ ಫೋನು ಇಳಿಸಿ, "ಅಕ್ಕಾ, ನೀ ಮಾತ್ತಿಟ್ಟಿಯಾ?" ಎಂದ. ಬದಲಿಸಿಬಿಟ್ಟೆಯಾ ಎಂದು. ತನ್ನ ಫೋನಿನಲ್ಲಿ ಚಿತ್ರ ತೆರೆದು ಅವಳಿಗೆ ತೋರಿಸಿದ. ಆ ಮೊದಲ ಸಂಜೆ ಮಧುಸೂದನ್ ಹಾಕಿದ್ದ ಚಿತ್ರ, ತೆಗೆಯುವ ಮುಂಚೆಯೇ ಅವನು ಉಳಿಸಿಕೊಂಡದ್ದು. ಅವತ್ತೇ ಅವನು ಅಮ್ಮನಿಗೆ ತೋರಿಸಿದ್ದ. ಅಕ್ಕನಿಗೆ ಹೇಳಬೇಡ, ಅವಳೇ ಬಂದು ತೋರಿಸಲಿ ಎಂದು ಅಮ್ಮ ಹೇಳಿದ್ದಳಂತೆ. ಅಲ್ಲಿಂದ ದಿನಾ ಅವನ ಫೋನು ಇಸಿದುಕೊಂಡು ಒಮ್ಮೆ ನೋಡುತ್ತಿದ್ದಳಂತೆ.

"ಇದೂ ಛಲೋ ಅದ ಬಿಡ್ರಿ, ವಿಮಲಕ್ಕ," ಎಂದರು ಜಲಜಾ ಮೆಲ್ಲಗೆ. ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿತೇನೋ, ಕಾಫಿ ಆರುತ್ತದೆ ಎಂದು ಮೇಜಿಗೆ ಹೋದರು.

ಮಲ್ಲಿಗೆ ಕಟ್ಟುತ್ತ ಕೂತು ಹೇಳು ಹೇಳು ಎಂದದ್ದು, ತಿದ್ದಿದ ಹುಬ್ಬು, ಬಂದವರು ನೋಡ್ಲಿ ಎಂದದ್ದು, ಎಲ್ಲ ಒಂದರ ಹಿಂದೊಂದು ವೀಕ್ಷಾಳಿಗೆ ನೆನಪಾಯಿತು. "ನಿನಗೆ... ಬಟ್ಟೆ ಹಾಗಿತ್ತಲ್ಲ ಅಮ್ಮ. ಜನ ಏನು ಹೇಳ್ತಾರೆ ಅಂತ."

"ಕಾಲು ನನ್ನದಲ್ಲ ಅಂತ ಕಂಡವರಿಗೆ ಗೊತ್ತಾಗ್ತದೆ," ಎಂದಳು ವಿಮಲಾ. ದನಿ ಏರಿರಲಿಲ್ಲ. "ನನಗೆ ನಾಚಿಕೆ ಆಗ್ತದೆ ಅಂತ ತೆಗೆದದ್ದಾ? ನಿನಗೆ ನಾಚಿಕೆ ಆಯ್ತು ಅಂತ ತೆಗೆದದ್ದಾ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ವೀಕ್ಷಾ ಅದನ್ನು ನುಂಗಿದಳು. "ನನಗೇ, ಅಮ್ಮ."

ವಿಮಲಾ ತಲೆಯಾಡಿಸಿದಳು. ಮೂರು ಪ್ರತಿಗಳನ್ನು ಅಂಚು ಸೇರಿಸಿ ಕಟ್ಟಿನ ಮೇಲಿಟ್ಟಳು. "ಇಷ್ಟು ವರ್ಷ ಇಲ್ಲಿ ಕೂತಿದ್ದೇನೆ. ನಾನು ಹಾಗೆ ನಗ್ತೇನೆ ಅಂತ ನನಗೇ ಗೊತ್ತಿರ್ಲಿಲ್ಲ ನೋಡು. ನೀನು ಬರೆದ ಮೇಲೆ ಗೊತ್ತಾದದ್ದು."

ವೀಕ್ಷಾ ಏನೋ ಹೇಳಲು ಹೊರಟಳು. ಮತ್ತೆ ಬರೆಯುತ್ತೇನೆ, ಎರಡನೇ ಮುದ್ರಣಕ್ಕೆ ಹಾಕಿಸುತ್ತೇನೆ, ದೊಡ್ಡದಾಗಿ ಪ್ರಿಂಟು ತೆಗೆಸಿ ಗೋಡೆಗೆ ಹಾಕುತ್ತೇನೆ. ಅಷ್ಟರಲ್ಲಿ ಊಟ ಮುಗಿಸಿದ ಒಬ್ಬ ಬಂದು ಫೋನು ಹಿಡಿದ. ಪೆಟ್ಟಿಗೆ ದುಡ್ಡು ಬಂತೆಂದು ಕೂಗಿತು. ಅವನು ಸೋಂಪು ಬಾಯಿಗೆ ಹಾಕಿಕೊಂಡು, ತಲೆ ಎತ್ತದೆ, ರೇಷ್ಮೆ ಸೀರೆಯನ್ನೂ ಮಲ್ಲಿಗೆಯನ್ನೂ ನೋಡದೆ ಹೊರಟುಹೋದ.

ಮೂಲೆಯಲ್ಲಿ ಆ ಫ್ಯಾನು ತಿರುಗುತ್ತಲೇ ಇತ್ತು, ಈಗ ಗೋಡೆಯ ಕಡೆಗೆ. ವಿಮಲಾ ಕಟ್ಟನ್ನು ಎತ್ತಿ ಮೇಜಿನ ಕೆಳಗಿಟ್ಟಳು. ಆಮೇಲೆ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನನ್ನು ಬಿಡಿಸಿ, ಸೆರಗನ್ನು ಮಡಿಕೆ ಮಾಡಿ ಭುಜಕ್ಕೆ ಒತ್ತಿ ಚುಚ್ಚಿಕೊಂಡಳು.

"ಹೋಗು, ಕೈಕಾಲು ತೊಳ್ದು ಕಾಫಿ ಕುಡಿ," ಎಂದಳು.

ವೀಕ್ಷಾ ಹೋಗಲಿಲ್ಲ. ಹುಟ್ಟಿದಾಗಿನಿಂದ ಒಂದು ಕಡೆ ನಿಲ್ಲದ ಕಾಲುಗಳು ಅಮ್ಮನ ಮೇಜಿನ ಮುಂದೆ ಹಾಗೇ ನಿಂತಿದ್ದವು. ಹಿಂದಿನಿಂದ ಬಂದವರು ಅವಳನ್ನು ಸುತ್ತಿ ಬಂದು ಫೋನು ಹಿಡಿದರು.